ರೇಡಿಯೋ ಹಾಡಿತೋ ಇಲ್ಲೋ?

ಹೋದ ವರ್ಷ ಶ್ರಾವಣದ ಒಂದು ರಾತ್ರಿ. ಅಂಗಡಿಯ ಷಟರ್ ಎಳೆದು ಬೀಗ ಹಾಕುತ್ತಿದ್ದೆ. ಜೇಬಿನಲ್ಲಿದ್ದ ಫೋನ್ ಒಮ್ಮೆ ಗುರುಗುಟ್ಟಿತು. ತೆಗೆದು ನೋಡಿದರೆ ನಮ್ಮ ರೇಡಿಯೋ ಗುಂಪಿನಿಂದ ಮಾಸ್ತರು ಹೊರಗೆ ಹೋಗಿದ್ದಾರೆ ಅಂತ ಒಂದು ಸಾಲು. ಅಷ್ಟೇ, ಬೇರೆ ಮಾತಿಲ್ಲ.

ವಾಟ್ಸಾಪ್‌ನಲ್ಲಿ 2022ರಿಂದ ಒಂದು ಸೌಕರ್ಯ ಬಂದಿದೆ. ಯಾರಾದರೂ ಗುಂಪು ಬಿಟ್ಟರೆ ಆ ಸುದ್ದಿ ಅಡ್ಮಿನ್‌ಗೆ ಮಾತ್ರ ಹೋಗುತ್ತದೆ. ನಮ್ಮಲ್ಲಿ ಅಡ್ಮಿನ್ ನಾನೊಬ್ಬನೇ. ಹಾಗಾಗಿ ನಾನೂರು ಚಿಲ್ಲರೆ ಜನರಿದ್ದ ಗುಂಪಿನಲ್ಲಿ ಮಾಸ್ತರು ಎದ್ದು ಹೋದದ್ದು ಗೊತ್ತಾದದ್ದು ನನಗೊಬ್ಬನಿಗೇ.

ಯಾರಾದರೂ ಕೇಳಿಯೇ ಕೇಳುತ್ತಾರೆ ಅಂತ ಕಾದೆ. ಒಂದು ವಾರ ಆಯಿತು, ಎರಡು ವಾರ ಆಯಿತು. ಗಣಪತಿ ಬಂದು ಹೋದ. ಗುಂಪಿನಲ್ಲಿ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ ಬರುತ್ತಿತ್ತು. ಯಾವುದೋ ಸೈಟು ಮಾರಾಟಕ್ಕಿದೆ ಅಂತ ಬಂತು. ಮಾಸ್ತರು ಎಲ್ಲಿ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ನಮ್ಮ ಗುಂಪು ಸತ್ತು ಬಹಳ ದಿನ ಆಗಿದೆ, ನಾನು ಸುಮ್ನೆ ಅದರ ಬಾಗಿಲು ಕಾಯುತ್ತಾ ಕೂತಿದ್ದೇನೆ ಅನ್ನೋದು ಆಗ ತಲೆಗೆ ಹೋಯಿತು.

ನನ್ನದು ಹುಬ್ಬಳ್ಳಿ ಕೇಶ್ವಾಪುರದಲ್ಲಿ ಒಂದು ಔಷಧಿ ಅಂಗಡಿ. ಹೊಟ್ಟೆಪಾಡು ಅದು. ಹುಚ್ಚು ಅಂದರೆ ವಾಲ್ವ್ ರೇಡಿಯೋ. ಟ್ರಾನ್ಸಿಸ್ಟರ್ ಬರುವುದಕ್ಕೂ ಮೊದಲಿನವು, ಗಾಜಿನ ಬುರುಡೆ ಕೆಂಪಗೆ ಕಾದ ಮೇಲೆ ಮಾತಾಡುವ ದೊಡ್ಡ ಮರದ ಪೆಟ್ಟಿಗೆಗಳು. ಇದನ್ನು ಯಾರಿಗೆ ಹೇಳಿದರೂ "ಅವೆಲ್ಲಾ ಇನ್ನೂ ಅದಾವೇನ್ರಿ?" ಅಂತಾರೆ. ಹುಬ್ಬಳ್ಳಿಯಂಥ ಊರಿನಲ್ಲಿ ಈ ಹುಚ್ಚು ಇರುವವರು ನಾಲ್ಕೈದು ಜನ ಇದ್ದರೆ ಹೆಚ್ಚು. ಗದಗಿನಲ್ಲಿ ಇಬ್ಬರು, ಹಾವೇರಿಯಲ್ಲಿ ಒಬ್ಬರು. ಇಂಥವರಿಗೆ ಇಂಟರ್ನೆಟ್ ಅನ್ನೋದು ದೇವರು ಕೊಟ್ಟ ವರ ಇದ್ದಂತೆ ಇತ್ತು.

2008ರಲ್ಲಿ ನಾನು ಆರ್ಕುಟ್ ಅನ್ನುವ ಗೂಗಲ್‌ನ ಸಾಮಾಜಿಕ ಜಾಲತಾಣ ಸೇರಿದೆ. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂರುವ ಕಾಲ. ಹಳೆಯ ರೇಡಿಯೋದವರ ಒಂದು ಸಣ್ಣ ಸಮುದಾಯ ಅಲ್ಲಿತ್ತು. ಹೆಚ್ಚಿನವರು ನಮ್ಮ ಕಡೆಯವರೇ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ನಾನು ಹೆದರುತ್ತಾ ಹೆದರುತ್ತಾ ಬರೆದೆ: ಅಪ್ಪನ ಕಾಲದ ಫಿಲಿಪ್ಸ್ ರೇಡಿಯೋ ಇದೆ, ಹಚ್ಚಿದರೆ ಭೋರ್ ಅಂತದೆ, ಹಾಡುವುದಿಲ್ಲ, ಏನು ಮಾಡಲಿ?

ಮರುದಿನ ಹೋಗಿ ನೋಡಿದರೆ ಬೆಟಗೇರಿಯ ಒಬ್ಬರು ಉತ್ತರ ಹಾಕಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಮಾಸ್ತರು. ಉತ್ತರ ಅಂದೆ, ಅದು ಪ್ರಶ್ನೆಯೇ ಆಗಿತ್ತು. "ವಾಲ್ವಿನ ಮ್ಯಾಲೆ ಏನ ಬರದೈತಿ ಓದಿ ಹೇಳು. ಮೊದಲ ಅಕ್ಷರ ಇ ಐತೋ ಯು ಐತೋ? ಅದನ್ನ ಹೇಳೋತನಕ ಪ್ಲಗ್ ಮುಟ್ಟಬ್ಯಾಡ."

ಈ ಒಂದು ಅಕ್ಷರದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು, ಮುಂದೆ ಮತ್ತೆ ಬರುತ್ತದೆ. ಇಸಿಎಚ್81, ಇಎಲ್84 ಅಂತ 'ಇ'ಯಿಂದ ಶುರುವಾಗುವ ವಾಲ್ವ್‌ಗಳ ಫಿಲಮೆಂಟ್, ಅಂದರೆ ಒಳಗೆ ಕಾಯುವ ತಂತಿ, 6.3 ವೋಲ್ಟಿನದು. ಅಂಥ ಸೆಟ್ಟಿನಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಯುಸಿಎಚ್81, ಯುಎಲ್84 ಅಂತ 'ಯು'ದಿಂದ ಶುರುವಾದರೆ ಬೇರೆ ಕಥೆ. ಅವುಗಳ ಫಿಲಮೆಂಟ್‌ಗಳು ಒಂದರ ಬಾಲ ಒಂದು ಹಿಡಿದು ಸಾಲಾಗಿ ನಿಂತಿರುತ್ತವೆ. ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಳಗಿನ ಲೋಹದ ತಟ್ಟೆ, ಅಂದರೆ ಚಾಸಿ, ನೇರವಾಗಿ ಕರೆಂಟಿನ ಒಂದು ತಂತಿಗೆ ಸೇರಿರುತ್ತದೆ. ಪ್ಲಗ್ ತಿರುವು ಮುರುವು ಹಾಕಿದರೆ ಆ ಇಡೀ ತಟ್ಟೆಯೇ 230 ವೋಲ್ಟ್. ಮುಟ್ಟಿದರೆ ಮುಗಿಯಿತು.

ನನ್ನದು 'ಇ' ಆಗಿತ್ತು. ಆಮೇಲೆ ಮಾಸ್ತರು ಹತ್ತು ಹನ್ನೆರಡು ದಿನ ಕೈ ಹಿಡಿದು ನಡೆಸಿದರು. ನೇರ ಪ್ಲಗ್ಗಿಗೆ ಹಾಕಬೇಡ, ನಡುವೆ 60 ವಾಟಿನ ಹಳೆಯ ಬಲ್ಬ್ ಒಂದನ್ನು ಸೀರೀಸ್ ಹಾಕು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ರೇಡಿಯೋ ಸುಡುವುದಿಲ್ಲ. ಭೋರ್ ಅನ್ನುವುದಕ್ಕೆ ಕಾರಣ ಒಣಗಿದ ಫಿಲ್ಟರ್ ಕಂಡೆನ್ಸರ್. ಆದರೆ ಅದಕ್ಕಿಂತ ಮೊದಲು ಇನ್ನೊಂದು ಸಣ್ಣ ಕಂಡೆನ್ಸರ್ ಬದಲಿಸು. ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ ಹೋಗುವಂಥದ್ದು, ಮೇಣ ಬಳಿದ ಕಾಗದದ್ದು. ಅದು ಸೋರಲು ಶುರುವಾದರೆ ವಾಲ್ವ್ ಅತಿಯಾಗಿ ಕರೆಂಟ್ ಎಳೆಯುತ್ತದೆ, ತಾನೂ ಸಾಯುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸಾಯಿಸುತ್ತದೆ.

ಒಂದು ರವಿವಾರ ಸಂಜೆ ಎಲ್ಲಾ ಬೆಸೆದು ಮುಗಿಸಿ ಹಚ್ಚಿದೆ. ಬಲ್ಬ್ ಒಮ್ಮೆ ಜಗ್ಗನೆ ಉರಿದು ಮಂದ ಆಯಿತು. ವಾಲ್ವ್ ಕಾಯಲು ಅರ್ಧ ನಿಮಿಷ. ಆಮೇಲೆ ಡಯಲ್ಲಿನ ಮುಳ್ಳನ್ನು 392 ಮೀಟರ್ ಹತ್ತಿರ ತಂದೆ. ಧಾರವಾಡ ಆಕಾಶವಾಣಿ ಅಲ್ಲೇ ಸಿಗುವುದು, 765 ಕಿಲೋಹರ್ಟ್ಜ್. 1950ರ ಜನವರಿ 8ಕ್ಕೆ ಶುರುವಾದ ನಿಲಯ ಅದು. ಪ್ರದೇಶ ಸಮಾಚಾರ ಬರುತ್ತಿತ್ತು. ಅವ್ವ ಅಡುಗೆಮನೆಯಿಂದ ಬಂದು ನಿಂತು ಕೇಳಿದಳು. ಏನೋ ಅಪ್ಪನ ನೆನಪು ತೆಗೆಯುತ್ತಾಳೆ ಅಂದುಕೊಂಡೆ. "ಅದರ ಮ್ಯಾಲಿನ ಧೂಳಾ ಮೊದ್ಲ ಒರಸು" ಅಂದು ಒಳಗೆ ಹೋದಳು.

ಮರುದಿನ ಆರ್ಕುಟ್‌ನಲ್ಲಿ ನನ್ನ ಪ್ರಶ್ನೆಯ ಕೆಳಗೇ ಬರೆದೆ: ಹಾಡಿತು ಸರ. ಹತ್ತಾರು ಜನ ಬಂದು ಖುಷಿಪಟ್ಟರು. ಆ ಸಮುದಾಯದಲ್ಲಿ ಅದೊಂದು ರೂಢಿಯೇ ಆಗಿತ್ತು. ಪ್ರತಿಯೊಂದು ಪ್ರಶ್ನೆಗೂ ತನ್ನದೇ ಒಂದು ತಲೆಬರಹ, ಅದರ ಕೆಳಗೆ ಮಾತುಕತೆ, ಕೊನೆಗೆ ಒಂದೇ ಪದ: 'ಹಾಡಿತು' ಇಲ್ಲವೇ 'ಹಾಡಲಿಲ್ಲ'. ಆರು ತಿಂಗಳ ಮೇಲೆ ಇನ್ನೊಬ್ಬರಿಗೆ ಅದೇ ತೊಂದರೆ ಬಂದರೆ ಆ ತಲೆಬರಹ ಹುಡುಕಿ ಓದಿಕೊಳ್ಳುತ್ತಿದ್ದರು. ಮಾಸ್ತರಿಗೆ ಮತ್ತೆ ಹೇಳುವ ಕೆಲಸ ಇರುತ್ತಿರಲಿಲ್ಲ.

2014ರ ಜೂನ್ ಕೊನೆಗೆ ಗೂಗಲ್ ಆರ್ಕುಟ್ ಮುಚ್ಚುತ್ತೇವೆ ಅಂತ ಹೇಳಿತು. ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಮೂರು ತಿಂಗಳು ಟೈಮ್ ಇತ್ತು. ನಾನು ಏನು ಮಾಡಿದೆ? ಅಂಗಡಿಯಲ್ಲಿ ಬಿಲ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇತ್ತಲ್ಲ, ಅದರಲ್ಲಿ ಹಳೆಯ ಸ್ಟಾಕ್ ಲಿಸ್ಟಿನ ಹಿಂಬದಿಗೆ ನಲವತ್ತು ತಲೆಬರಹ ಪ್ರಿಂಟ್ ತೆಗೆದೆ. ಉಳಿದದ್ದು ನಾಳೆ ಅಂದೆ. ನಾಳೆ ನಾಡಿದ್ದು ಅನ್ನುತ್ತಾ ದೀಪಾವಳಿಯ ಲೆಕ್ಕಪತ್ರ ಬಂತು. ಉಳಿದದ್ದು ಹೋಯಿತು.

ಅಲ್ಲಿಂದ ಫೇಸ್‌ಬುಕ್ ಗುಂಪು. ಚಿತ್ರ ಹಾಕಲು ಚೆನ್ನಾಗಿತ್ತು, ಅದೇ ಅದರ ತೊಂದರೆಯೂ ಆಯಿತು. ಪಾಲಿಶ್ ಹೊಡೆದು ಫಳಫಳ ಅನ್ನುವ ಪೆಟ್ಟಿಗೆಯ ಫೋಟೊಕ್ಕೆ ನೂರಾರು ಲೈಕ್. ಡಯಲ್ಲಿನ ದಾರ ಹರಿದಿದೆ, ಯಾವ ಗಾಲಿಗೆ ಎಷ್ಟು ಸುತ್ತು ಹಾಕಬೇಕು ಅಂತ ಕೇಳಿದವನ ಪ್ರಶ್ನೆ ಮಧ್ಯಾಹ್ನದ ಹೊತ್ತಿಗೆ ಕೆಳಗೆ ಮುಳುಗಿ ಹೋಗುತ್ತಿತ್ತು. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಎರಡು ವರ್ಷ ಕಳೆಯಿತು.

2016ರಲ್ಲಿ ವಾಟ್ಸಾಪ್ ಗುಂಪು ಮಾಡಿದ್ದು ನಾನು. ಇದನ್ನು ಬೇರೆಯವರ ತಲೆಗೆ ಕಟ್ಟುವಂತಿಲ್ಲ. ಎಲ್ಲರ ಕೈಯಲ್ಲೂ ಇದೆ, ವಯಸ್ಸಾದವರಿಗೂ ಸುಲಭ ಅಂತ ವಾದ ಮಾಡಿದ್ದೂ ನಾನೇ. ಮೊದಲ ಒಂದೆರಡು ವರ್ಷ ಬಂಗಾರದಂತೆ ಇತ್ತು, ಸುಳ್ಳು ಯಾಕೆ ಹೇಳಲಿ. ಆಗ ಒಂದು ಗುಂಪಿಗೆ 256 ಜನರ ಮಿತಿ. ನಮ್ಮಲ್ಲಿ ಎಂಬತ್ತು ಜನ ಇದ್ದರು. ಸೇರುವವರಿಗೆ ಒಂದೇ ನಿಯಮ: ನಿಮ್ಮ ಹತ್ತಿರ ಇರುವ ರೇಡಿಯೋದ ವಾಲ್ವ್ ನಂಬರ್ ಬರೆದು ಕಳಿಸಿ. ಅಷ್ಟು ಮಾಡುವವನು ಹಿಂದಿನ ಮುಚ್ಚಳ ಬಿಚ್ಚಿ ನೋಡಿದ್ದಾನೆ ಅಂತ ಅರ್ಥ. ಸುಮ್ನೆ ಬಂದವನಲ್ಲ.

ಮಾಸ್ತರಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಟೈಪ್ ಮಾಡುವುದು ಕಷ್ಟವಾಯಿತು. ವಾಯ್ಸ್ ಮೆಸೇಜ್ ಕಳಿಸಲು ಕಲಿತರು. ಎರಡು ನಿಮಿಷ, ನಾಲ್ಕು ನಿಮಿಷ, ಒಮ್ಮೊಮ್ಮೆ ಒಂಬತ್ತು ನಿಮಿಷ. ನಾವು ರಾತ್ರಿ ಊಟ ಮಾಡಿ ಕಿವಿಗೆ ಹಚ್ಚಿಕೊಂಡು ಕೇಳುತ್ತಿದ್ದೆವು. ಎಂಥ ಪಾಠ ಅವು! ಆದರೆ ವಾಯ್ಸ್ ಮೆಸೇಜಿನಲ್ಲಿ ಏನನ್ನೂ ಹುಡುಕಲು ಬರುವುದಿಲ್ಲ. ಇದು ನನಗೆ ಆಗ ಹೊಳೆಯಲೇ ಇಲ್ಲ.

ಆಮೇಲೆ ಬಂತು ನೋಡಿ 'ರೆಡ್ ಮರ್ಕ್ಯುರಿ'. ಹಳೆಯ ರೇಡಿಯೋ, ಹಳೆಯ ಟಿವಿಯೊಳಗೆ ಕೆಂಪು ಪಾದರಸ ಇರುತ್ತದೆ, ಅದಕ್ಕೆ ಲಕ್ಷ, ಕೋಟಿ ಬೆಲೆ ಅಂತ ಒಂದು ಪುಕಾರು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ಪುಕಾರಿಗೆ ಹಳೆಯ ಹೊಲಿಗೆ ಮಷೀನುಗಳ ಬೆಲೆ ಆಕಾಶಕ್ಕೆ ಏರಿತ್ತು. ಅಂಥ ವಸ್ತುವೇ ಇಲ್ಲ. ವಾಲ್ವಿನ ಗಾಜಿನ ಒಳಗಡೆ ಕಾಣುವ ಹೊಳೆಯುವ ಕಲೆ ಬರೀ ಗೆಟರ್, ಉಳಿದ ಗಾಳಿಯನ್ನು ಹೀರಿಕೊಳ್ಳಲು ಇಟ್ಟ ಲೋಹದ ಲೇಪ. ಮಾಸ್ತರು ಇದನ್ನು ಹೇಳಿದರು. ಮತ್ತೆ ಹೇಳಿದರು. ಮರುವಾರ ಹೊಸಬರು ಬಂದು "ಸರ್, ನಮ್ಮ ರೇಡಿಯೋ ತಗೋತೀರಾ, ಒಳಗೆ ಕೆಂಪು ಐತಿ" ಅಂದರು. ಮತ್ತೆ ಹೇಳಿದರು.

ಅವರನ್ನೆಲ್ಲಾ ಒಳಗೆ ಬಿಟ್ಟದ್ದು ಯಾರು? ನಾನೇ. 2022ರಲ್ಲಿ ಗುಂಪಿನ ಮಿತಿ 1024ಕ್ಕೆ ಏರಿದಾಗ ವಾಲ್ವ್ ನಂಬರ್ ಕೇಳುವ ನಿಯಮ ತೆಗೆದುಹಾಕಿದೆ. ಲಿಂಕ್ ಒತ್ತಿದರೆ ಸೇರಬಹುದು ಅಂತ ಮಾಡಿದೆ. ಸತ್ಯ ಹೇಳ್ತೀನಿ, ಸಂಖ್ಯೆ ಏರುವುದನ್ನು ನೋಡಿ ಖುಷಿ ಆಗುತ್ತಿತ್ತು. ಇನ್ನೂರು, ಮುನ್ನೂರು, ನಾನೂರು. ಅಂಗಡಿಯ ಗಲ್ಲಾ ಎಣಿಸಿದಂತೆ ದಿನಾ ನೋಡುತ್ತಿದ್ದೆ.

ಈ ಕಥೆ ನಮ್ಮೊಬ್ಬರದೇ ಅಲ್ಲ ಅಂತ ಆಮೇಲೆ ಓದಿ ತಿಳಿದೆ. ಯೂಸ್‌ನೆಟ್ ಅಂತ ಬಹಳ ಹಳೆಯ ಚರ್ಚಾಜಾಲ ಇತ್ತು. ಪ್ರತಿ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಾಲೇಜುಗಳಿಗೆ ಬಂದ ಹೊಸ ಹುಡುಗರು ಅಲ್ಲಿಗೆ ನುಗ್ಗುತ್ತಿದ್ದರು, ಒಂದೆರಡು ತಿಂಗಳಲ್ಲಿ ರೀತಿ ರಿವಾಜು ಕಲಿಯುತ್ತಿದ್ದರು. ಇಂಟರ್ನೆಟ್ ಎಲ್ಲರಿಗೂ ಸಿಗಲು ಶುರುವಾದ ಮೇಲೆ ಹೊಸಬರ ಹೊಳೆ ನಿಲ್ಲಲೇ ಇಲ್ಲ. 1993ರ ಆ ಸೆಪ್ಟೆಂಬರ್ ಇನ್ನೂ ಮುಗಿದಿಲ್ಲ ಅಂತ ಹಳಬರು ಇವತ್ತಿಗೂ ಹೇಳುತ್ತಾರೆ. ಜೇಕಬ್ ನೀಲ್ಸನ್ ಅನ್ನುವವರು 2006ರಲ್ಲಿ ಬರೆದ ಲೆಕ್ಕವೂ ಹೀಗೇ ಇದೆ: ಇಂಥ ಕಡೆ ನೂರರಲ್ಲಿ 90 ಜನ ಬರೀ ಓದುವವರು, 9 ಜನ ಆಗಾಗ ಬರೆಯುವವರು, ಹೆಚ್ಚಿನ ಭಾರ ಹೊರುವುದು ಉಳಿದ ಒಬ್ಬರು. ನಮ್ಮ ಆ ಒಬ್ಬರು ಮಾಸ್ತರು. 2023ರ ಜೂನ್‌ನಲ್ಲಿ ರೆಡ್ಡಿಟ್‌ನಲ್ಲಿ ಸಾವಿರಾರು ಸಮುದಾಯಗಳು ಪ್ರತಿಭಟನೆಗೆ ಬಾಗಿಲು ಹಾಕಿಕೊಂಡಿದ್ದವು. ಹೊರಗಿನ ಆ್ಯಪ್‌ಗಳಿಗೆ ಕಂಪನಿ ಹಾಕಿದ ದರ ಅದಕ್ಕೆ ಕಾರಣ. ಅಲ್ಲೂ ಸಂಬಳ ಇಲ್ಲದೆ ಗುಂಪು ನೋಡಿಕೊಳ್ಳುವವರದೇ ಗೋಳು.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಪ್ರಶ್ನೆ ಬರುವುದೇ ಕಡಿಮೆ ಆಯಿತು. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂತಲ್ಲ, ಆಮೇಲೆ ಪ್ರೋಗ್ರಾಮರ್‌ಗಳ ಸ್ಟಾಕ್ ಓವರ್‌ಫ್ಲೋನಲ್ಲಿ ಹೊಸ ಪ್ರಶ್ನೆಗಳು ಇಳಿದುಹೋದವು. ನಮ್ಮಂಥ ಸಣ್ಣ ಗುಂಪಿಗೂ ಆ ಗಾಳಿ ಬೀಸಿತು. ರಾಣೆಬೆನ್ನೂರಿನ ಒಬ್ಬ ಹುಡುಗ, ಐಟಿಐ ಓದುವವನು, ಗುಂಪಿನಲ್ಲೇ ಇದ್ದ. ಅಜ್ಜನ ರೇಡಿಯೋ ಬಿಚ್ಚಿದಾಗ ನಮ್ಮನ್ನು ಕೇಳಲಿಲ್ಲ, ಫೋನಿನ ಯಾವುದೋ ಎಐ ಕೇಳಿದ. ಮೀಟರಿನ ಕಪ್ಪು ತಂತಿ ಚಾಸಿಗೆ ಕಚ್ಚಿಸು ಅಂತ ಅದು ಹೇಳಿತು. ಮಾತು ತಪ್ಪಲ್ಲ, ಎಲ್ಲಾ ಪುಸ್ತಕದಲ್ಲೂ ಹಾಗೇ ಇದೆ. ಆದರೆ ಮೊದಲ ಅಕ್ಷರ ಇ ಐತೋ ಯು ಐತೋ ಅಂತ ಅದು ಕೇಳಲಿಲ್ಲ. ಹುಡುಗನನ್ನು ಕರೆಂಟ್ ಒದ್ದು ಗೋಡೆಗೆ ಚಿಮ್ಮಿಸಿತು. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆಮೇಲೆ ಗುಂಪಿನಲ್ಲಿ ಬಂದು ಹೇಳಿದ. ಮಾಸ್ತರು ಅವನಿಗಾಗಿ ಏಳು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರು. ಅದರ ಮೇಲೆ ಹತ್ತು ಶುಭೋದಯ ಬಿದ್ದವು. ಹುಡುಗ ಕೇಳಿದನೋ ಇಲ್ಲವೋ ತಿಳಿಯಲಿಲ್ಲ.

ಅದಾದ ಎರಡು ತಿಂಗಳಿಗೆ ಮಾಸ್ತರು ಗುಂಪು ಬಿಟ್ಟರು.

ಗಣಪತಿ ಹೋದ ಮೇಲೆ ನಾನು ಒಂದು ತೀರ್ಮಾನ ಮಾಡಿದೆ. ಗುಂಪು ಉಳಿಸುವುದು ನನ್ನ ಕೈಯಲ್ಲಿ ಆಗದು. ಮಾಸ್ತರು ಹೇಳಿದ್ದನ್ನಾದರೂ ತೆಗೆದಿಡೋಣ. ಆರ್ಕುಟ್ ಹೋದಾಗ ಮಾಡಿದ ಸೋಮಾರಿತನ ಈ ಸಲ ಬೇಡ.

ವಾಟ್ಸಾಪ್‌ನಲ್ಲಿ ಚಾಟ್ ಎಕ್ಸ್‌ಪೋರ್ಟ್ ಅಂತ ಒಂದು ಬಟನ್ ಇದೆ. ಒತ್ತಿದರೆ ಎಲ್ಲಾ ಬರುತ್ತದೆ ಅಂದುಕೊಂಡಿದ್ದೆ. ಬರುವುದಿಲ್ಲ. ಚಿತ್ರ, ಧ್ವನಿ ಸಮೇತ ತೆಗೆದರೆ ಇತ್ತೀಚಿನ 10,000 ಸಂದೇಶ, ಬರೀ ಅಕ್ಷರ ಸಾಕು ಅಂದರೆ 40,000. ಲೆಕ್ಕ ಕೆಳಗಿನಿಂದ ಮೇಲಕ್ಕೆ. ನಮ್ಮ ಇತ್ತೀಚಿನ ಹತ್ತು ಸಾವಿರದಲ್ಲಿ ಏನಿದೆ? ಗುಲಾಬಿ ಹೂವು, ದೇವರ ಫೋಟೊ, ಸೈಟು ಮಾರಾಟ. ಮಾಸ್ತರ ಒಳ್ಳೆಯ ಪಾಠಗಳೆಲ್ಲಾ ಅದರ ಹಿಂದೆ ಎಲ್ಲೋ ಉಳಿದವು.

ಅಕ್ಷರದ ಫೈಲ್ ತೆಗೆದು ಹುಡುಕಲು ಕೂತರೆ ಇನ್ನೊಂದು ಫಜೀತಿ. ಒಂದೇ ಸಾಮಾನನ್ನು ನಮ್ಮ ಜನ ಕಂಡೆನ್ಸರ್, ಕಂಡೆಸ್ನರ್, ಕೆಪಾಸಿಟರ್, ಕೆಪ್ಯಾಸಿಟರ್, ಬರೀ ಕ್ಯಾಪ್ ಅಂತ ಮನಸ್ಸಿಗೆ ಬಂದಂತೆ ಬರೆದಿದ್ದಾರೆ. ಅರ್ಧ ಕನ್ನಡ ಅಕ್ಷರ, ಅರ್ಧ ಇಂಗ್ಲಿಷ್ ಅಕ್ಷರ. ಒಂದು ಪದ ಹುಡುಕಲು ಹತ್ತು ಸಲ ಹುಡುಕಬೇಕು. ಪ್ರಶ್ನೆ ಸಿಕ್ಕಿದರೆ ಉತ್ತರ ಇರುವುದಿಲ್ಲ, ಅಲ್ಲಿ 'ಆಡಿಯೊ ಇಲ್ಲ' ಅನ್ನುವಂಥ ಒಂದು ಗುರುತು ಮಾತ್ರ.

ಆಗ ಹಳೆಯ ಫೋನ್ ನೆನಪಾಯಿತು. ಗಾಜು ಒಡೆದಿದೆ ಅಂತ ಡ್ರಾಯರಿನಲ್ಲಿ ಎಸೆದಿದ್ದೆ. ಚಾರ್ಜಿಗೆ ಹಾಕಿದರೆ ಎದ್ದಿತು. ಅದರ ಒಳಗೆ ವಾಯ್ಸ್ ನೋಟ್‌ಗಳದ್ದೇ ಒಂದು ಫೋಲ್ಡರ್, ಅದರೊಳಗೆ ವಾರಕ್ಕೊಂದು ಫೋಲ್ಡರ್. ವರ್ಷ ಮತ್ತು ವಾರದ ಸಂಖ್ಯೆ ಸೇರಿಸಿ 201743 ಅಂತ ಹೆಸರು. ಒಳಗಿನ ಫೈಲುಗಳಿಗೆ ಬರೀ ತಾರೀಖು. ಕಳಿಸಿದವರ ಹೆಸರಿಲ್ಲ! ಮಾಸ್ತರ ಮಾತು ಯಾವುದು ಅಂತ ಗೊತ್ತಾಗಬೇಕಾದರೆ ಎಲ್ಲವನ್ನೂ ಕೇಳಬೇಕು.

ಕೇಳಿದೆ. ದಸರೆಯಿಂದ ದೀಪಾವಳಿಯವರೆಗೆ ರಾತ್ರಿ ಹತ್ತರಿಂದ ಹನ್ನೆರಡು. "ಪ್ಯಾರಾಸಿಟಮಾಲ್ ಎರಡು ಬಾಕ್ಸ್ ಕಳಸ್ರಿ", ಮಾಸ್ತರಲ್ಲ. "ಮಾವಾ, ಶನಿವಾರ ಸೀರಿ ಕಾರಣ ಐತಿ, ಬರ್ರಿ", ಅಲ್ಲ. "ನೋಡ ತಮ್ಮಾ, ಮೊದ್ಲ ಆ ಬಲ್ಬ್ ಸೀರೀಸ್ ಹಾಕು", ಹಾಂ, ಇದು. ಅವರ ದನಿಗಿಂತ ಮೊದಲೇ ಹಿಂದಿನ ಸದ್ದು ಗುರುತು ಸಿಗಲು ಶುರುವಾಯಿತು. ಬೆಟಗೇರಿಯಲ್ಲಿ ಅವರ ಮನೆ ಪಕ್ಕ ಪವರ್‌ಲೂಮ್ ಇದೆ. ಖಟಕ್ ಖಟಕ್ ಅನ್ನುವ ಮಗ್ಗದ ಸದ್ದು ಬಂತೆಂದರೆ ಮಾಸ್ತರು ಅಂತಲೇ. ಒಂದರಲ್ಲಿ ಕುಕ್ಕರ್ ಮೂರು ಸಲ ಕೂಗುತ್ತದೆ. ಮತ್ತೊಂದರಲ್ಲಿ ಅವರ ಮನೆಯವರು "ಚಾ ಆರಾಕ ಹತ್ತೇತ್ರಿ" ಅಂತಾರೆ, ಮಾಸ್ತರು ಇಎಫ್89 ವಾಲ್ವಿನ ಮೂರನೇ ಪಿನ್ನಿನಲ್ಲಿ ಮಾತು ನಿಲ್ಲಿಸಿ ಎದ್ದು ಹೋಗುತ್ತಾರೆ. ಆ ಪಾಠ ಮುಂದೆ ಬರಲೇ ಇಲ್ಲ. ನಾವೂ ಕೇಳಿರಲಿಲ್ಲ.

ಫೋನಿಗೇ ಕೇಳಿಸಿ ಬರೆಸೋಣ ಅಂತ ನೋಡಿದೆ. ಅದಕ್ಕೆ ನಮ್ಮ ಗದಗಿನ ಕನ್ನಡ ತಿಳಿಯುವುದಿಲ್ಲ. "ವಾಲ್ವ್ ಕಾಯಲಿ" ಅಂದರೆ "ಹಾಲು ಕಾಯಲಿ" ಅಂತ ಬರೆಯಿತು. ನಕ್ಕು ಸಾಕಾಗಿ ಕೈಯಲ್ಲೇ ಬರೆದೆ. ಪಿಯುಸಿ ಓದುವ ಮಗಳು ರಜೆಯಲ್ಲಿ ಸ್ವಲ್ಪ ಬರೆದುಕೊಟ್ಟಳು. 200 ಪುಟದ ಎರಡು ನೋಟ್‌ಬುಕ್ ತುಂಬಿದವು. ಆರ್ಕುಟ್‌ನ ಆ ನಲವತ್ತು ಪ್ರಿಂಟನ್ನೂ ಜೊತೆಗೆ ಕಟ್ಟಿದೆ.

ಕಾರ್ತಿಕದ ಒಂದು ರವಿವಾರ ಬೆಳಗಿನ ರೈಲು ಹಿಡಿದು ಗದಗಕ್ಕೆ ಹೋದೆ. ಅಣ್ಣಿಗೇರಿ ದಾಟುವಾಗ ಏನು ಮಾತಾಡಲಿ ಅಂತ ಯೋಚನೆ. ಎಷ್ಟು ವರ್ಷದ ಪರಿಚಯ, ಆದರೆ ಅವರ ಮನೆಗೆ ಹೋಗಿದ್ದು ಎರಡೇ ಸಲ.

ಮಾಸ್ತರು ಬನಿಯನ್ ಮೇಲೆ ಶಾಲು ಹೊದ್ದು ಪಡಸಾಲೆಯಲ್ಲಿ ಕೂತಿದ್ದರು. ನೋಟ್‌ಬುಕ್ ಕೊಟ್ಟೆ. ಕನ್ನಡಕ ಹಾಕಿಕೊಂಡರು. ಓದುತ್ತಾರೆ ಅಂದುಕೊಂಡರೆ ಮೊದಲು ಮೇಜಿನ ಡ್ರಾಯರ್ ಎಳೆದು ಕೆಂಪು ಪೆನ್ ತೆಗೆದರು. ಅಲ್ವಾ, ಮಾಸ್ತರು ಮಾಸ್ತರೇ. ಮೂರನೇ ಪುಟಕ್ಕೇ ಗೀಟು ಬಿತ್ತು.

"ಇಲ್ಲಿ ಪಾಯಿಂಟ್ ಒಂದು ಅಂತ ಬರದಿ. ನಾ ಪಾಯಿಂಟ್ ಸೊನ್ನಿ ಒಂದು ಅಂದೇನಿ. ಹತ್ತ ಪಟ್ಟ ಹೆಚ್ಚಾತಲ್ಲ."

"ಮಗ್ಗದ ಸಪ್ಪಳದಾಗ ಸೊನ್ನಿ ಕೇಳಿಸಲಿಲ್ರಿ ಸರ" ಅಂದೆ.

ಒಂದು ತಾಸು ಹಾಗೇ ತಿದ್ದಿದರು. ಅವರ ಮನೆಯವರು ಗಿರಮಿಟ್ ಮಾಡಿ ತಂದರು. ತಿನ್ನುತ್ತಾ ಕೇಳಿಯೇಬಿಟ್ಟೆ, "ಸರ, ಗುಂಪು ಯಾಕ ಬಿಟ್ರಿ? ಆ ರೆಡ್ ಮರ್ಕ್ಯುರಿ ಮಂದಿ ಕಾಟಕ್ಕೇನು?"

"ಛೆ, ಅವ್ರದೇನೈತಿ" ಅಂದರು. "ಕೇಳಿದ್ದ ಕೇಳ್ತಾರ ಅಂತನೂ ಅಲ್ಲ. ಮೂವತ್ತು ವರ್ಷ ಒಂಬತ್ತನೇತ್ತಕ್ಕ ಅದ ಪಾಠ ಹೇಳೀನಿ, ನನಗೇನ ಬ್ಯಾಸರ? ಆದ್ರ ಸಾಲ್ಯಾಗ ಪರೀಕ್ಷಾ ಇರ್ತಿತ್ತು. ಪಾಸಾದ್ರೋ ಫೇಲಾದ್ರೋ ನನಗ ಗೊತ್ತಾಗ್ತಿತ್ತು. ಇಲ್ಲಿ ಕೇಳ್ತಾರ, ಹೇಳ್ತೀನಿ, ಹೋಗ್ತಾರ. ರೇಡಿಯೋ ಹಾಡಿತೋ ಇಲ್ಲೋ ಒಬ್ಬನೂ ತಿರಗಿ ಬಂದು ಹೇಳವಲ್ಲ."

ಗಿರಮಿಟ್ ಗಂಟಲಿನಲ್ಲಿ ಸಿಕ್ಕಂತಾಯಿತು. ಯಾಕೆಂದರೆ ನಾನೂ ಹೇಳಿರಲಿಲ್ಲ. ಆರ್ಕುಟ್‌ನಲ್ಲಿ ಹೇಳಿದ್ದೆ, ಸರಿ. ವಾಟ್ಸಾಪ್‌ಗೆ ಬಂದ ಮೇಲೆ ಮೂರು ರೇಡಿಯೋ ಅವರನ್ನು ಕೇಳಿ ರಿಪೇರಿ ಮಾಡಿದ್ದೇನೆ. ಮೂರೂ ಹಾಡುತ್ತಿವೆ. ಒಂದು ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾಗಿದ್ದೆ. ಎಲ್ಲಿ ಹೇಳಬೇಕಿತ್ತು ಅನ್ನೋದೇ ಗೊತ್ತಾಗುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಆ ಮಾತು ಎಲ್ಲೋ ಮೇಲೆ ಹೋಗಿರುತ್ತಿತ್ತು. ತಲೆಬರಹ ಇದ್ದಾಗ ಕೊನೆಯ ಸಾಲು ಅಂತ ಒಂದು ಜಾಗ ಇತ್ತು. ಇಲ್ಲಿ ಕೊನೆಯ ಸಾಲೇ ಇಲ್ಲ.

ಹುಬ್ಬಳ್ಳಿಗೆ ಬಂದ ಮೇಲೆ ನೋಟ್‌ಬುಕ್ಕಿನ ಪ್ರಶ್ನೆಗಳನ್ನೆಲ್ಲಾ ಒಂದು ಹಾಳೆಗೆ ಇಳಿಸಿದೆ. ಪ್ರಶ್ನೆ ಕೇಳಿದವರ ನಂಬರ್ ಅಕ್ಷರದ ಫೈಲಿನಲ್ಲಿತ್ತು. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವಾಗ ಒಬ್ಬೊಬ್ಬರಿಗೇ ಫೋನ್ ಹಚ್ಚಿದೆ. ಹಳೆಯ ರೇಡಿಯೋ ಅಂದ ಕೂಡಲೇ ಕೆಲವರು ನಾನೇನೋ ಮಾರಲು ಬಂದವನು ಅಂದುಕೊಂಡು ಕಟ್ ಮಾಡಿದರು. ಶಿಗ್ಗಾಂವಿಯವರು ಮಾತ್ರ ಅರ್ಧ ತಾಸು ಮಾತಾಡಿದರು. ಅವರದು ಹಾಡುತ್ತದೆ, ದಿನಾ ಬೆಳಿಗ್ಗೆ ವಂದನ ಕೇಳುತ್ತಾರಂತೆ. ಆದರೆ ಎದುರು ಮನೆಯವರು ಎಲ್‌ಇಡಿ ಬಲ್ಬ್ ಹಾಕಿದ ಮೇಲೆ ಸಂಜೆ ಬರೀ ಗೊರಗೊರ. ಬ್ಯಾಡಗಿಯವರು ಗುಜರಿಗೆ ಹಾಕಿದರು, ಮನೆ ಕಟ್ಟಿಸುವಾಗ. ಹಾವೇರಿಯ ಕಾಕಾ ಅದನ್ನು ಷೋಕೇಸಿನಲ್ಲಿ ಇಟ್ಟಿದ್ದಾರೆ, ಹಚ್ಚಿಯೇ ಇಲ್ಲ. "ಹಚ್ಚಿದ್ರ ಹಾಡ್ತೈತೇನೋ, ಆದ್ರ ಅಂಜಿಕಿ ಬರ್ತೈತ್ರಿ" ಅಂದರು. ನವಲಗುಂದದ ನಂಬರಿಗೆ ಮಗ ಮಾತಾಡಿದ. ಅಪ್ಪ ತೀರಿಕೊಂಡು ಎರಡು ವರ್ಷ ಆಗಿದೆ. ರೇಡಿಯೋ ಅಟ್ಟದ ಮೇಲಿದೆ. ಕೊನೆಯ ದಿನದವರೆಗೂ ಹಾಡುತ್ತಿತ್ತಂತೆ.

ಹಾಳೆ ತುಂಬಿದ ಮೇಲೆ ಮತ್ತೆ ಬೆಟಗೇರಿಗೆ ಹೋದೆ. ಈ ಸಲ ನಾನು ಓದುತ್ತಾ ಹೋದೆ, ಮಾಸ್ತರು ಹಾಜರಿ ಹಾಕಿದಂತೆ ಒಂದೊಂದಕ್ಕೂ ಗುರುತು ಹಾಕುತ್ತಾ ಹೋದರು. ಹಾಡಿದ್ದಕ್ಕೆ ರೈಟ್. ಗುಜರಿಗೆ ಹೋದದ್ದಕ್ಕೆ ತಪ್ಪು. ಷೋಕೇಸಿನದಕ್ಕೆ ಸ್ವಲ್ಪ ಹೊತ್ತು ಪೆನ್ ಹಿಡಿದು ಕೂತು, ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ನವಲಗುಂದದ್ದಕ್ಕೆ ಏನೂ ಹಾಕದೆ ಮುಂದೆ ಹೋದರು. ನನ್ನ ಮೂರನ್ನೂ ಓದಿದೆ. ಕಣ್ಣೆತ್ತಿ ನೋಡಿ, ಮೂರು ರೈಟ್ ಹಾಕಿದರು.

"ಆ ರಾಣೇಬೆನ್ನೂರ ಹುಡುಗಂದು?"

"ಎರಡ ಸಲ ಹಚ್ಚಿದೆ ಸರ. ಫೋನ್ ಎತ್ತಲಿಲ್ಲ."

"ಅದು ಯು ಸೆಟ್ ಐತಿ" ಅಂದರು. "ಮತ್ತ ಹಚ್ಚು."

ಹಚ್ಚಿದೆ. ಈ ಸಲ ಮೂರನೇ ರಿಂಗಿಗೇ ಎತ್ತಿದ. ಯಾರು ಅಂತ ನಾನು ಹೇಳುವಷ್ಟರಲ್ಲಿ ಮಾಸ್ತರು ಫೋನ್ ಕಸಿದುಕೊಂಡರು.

"ಏ ತಮ್ಮಾ, ರೇಡಿಯೋ ಎಲ್ಲೈತಿ? ಮುಂದ ಐತೇನು? ಮೊದ್ಲ ಪ್ಲಗ್ ತಗಿ. ತಗದಿ? ಹಾಂ, ಈಗ ಹೇಳು."